ಆಕಳಿಕೆಗೆ ಸಮಜಾಯಿಷಿ

ಕಳೆದ ತಿಂಗಳು ನಮ್ಮ ಕಚೇರಿಗೆ ಸುತ್ತೋಲೆ ಬಂತು. ನೌಕರರ ಹೃದಯ ರಕ್ಷಣೆ ಹಾಗೂ ಒತ್ತಡ ನಿವಾರಣೆಗಾಗಿ ತುಮಕೂರಿನಲ್ಲಿ ಆಯುರ್ವೇದ ಶಿಬಿರ, ಭಾನುವಾರ ಬೆಳಿಗ್ಗೆ ಎಂಟಕ್ಕೆ. ಗೈರುಹಾಜರಾದವರ ಮೇಲೆ ಶಿಸ್ತುಕ್ರಮ. ಕೊನೆಯ ಸಾಲು ಓದುತ್ತಿದ್ದಂತೆ ಎಲ್ಲರ ಎದೆಬಡಿತವೂ ಒಮ್ಮೆಗೇ ತಪಾಸಣೆಗೆ ಒಳಗಾಯಿತು.

ಪಾವಗಡದ ಸಹೋದ್ಯೋಗಿಯೊಬ್ಬರು ನಾಲ್ಕಕ್ಕೇ ಎದ್ದು ಬಸ್ಸು ಹಿಡಿದು ಬಂದಿದ್ದರು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ಶಾಸ್ತ್ರವನ್ನು ಇಲಾಖೆ ಇಷ್ಟು ಕಟ್ಟುನಿಟ್ಟಾಗಿ ಜಾರಿಗೆ ತಂದದ್ದನ್ನು ನಾನು ಕಂಡಿರಲಿಲ್ಲ.

ಮುಖ್ಯ ಅತಿಥಿಗಳು ಬಂದಾಗ ಹನ್ನೊಂದು. ಕ್ಯಾತ್ಸಂದ್ರದಿಂದ ತರಿಸಿದ್ದ ತಟ್ಟೆ ಇಡ್ಲಿಯನ್ನು ಉದ್ಘಾಟನೆಗೆ ಮುನ್ನ ಮುಟ್ಟುವಂತಿರಲಿಲ್ಲ. ಅದರ ಮೇಲಿನ ಬೆಣ್ಣೆ ಕರಗಿ, ಅಂಚಿಗೆ ಇಳಿದು, ಅಲ್ಲೇ ಆರಿ ಗಟ್ಟಿಯಾಗಿತ್ತು. ರಕ್ತನಾಳದಲ್ಲಿ ಕೊಬ್ಬು ಕಟ್ಟುವ ಬಗೆಗೆ ಆ ದಿನ ನಡೆದ ಏಕೈಕ ಪ್ರಾತ್ಯಕ್ಷಿಕೆ ಅದು.

ಅತಿಥಿಗಳು ಐವತ್ತು ನಿಮಿಷ ಮಾತನಾಡಿದರು. ಸಿದ್ಧರಬೆಟ್ಟದ ಗಿಡಮೂಲಿಕೆ ಇರುವಾಗ ಹೃದಯಕ್ಕೆ ಆಸ್ಪತ್ರೆ ಯಾಕೆ ಎಂದರು. ಹೃದ್ರೋಗ ವಾಸಿ ಮಾಡುವ ಔಷಧಿಯೆಂದು ಪ್ರಚಾರ ಮಾಡುವುದನ್ನು ತಡೆಯುವ ಕಾಯ್ದೆ 1954ರಿಂದಲೇ ಇದೆ, ಬಾಯಿಮಾತಿನ ಘೋಷಣೆಯನ್ನೂ ಅದು ಬಿಟ್ಟಿಲ್ಲ. ಮುಂದಿನ ಸಾಲಿನಲ್ಲಿದ್ದ ಕಾನೂನು ಅಧಿಕಾರಿಗಳು ಚಪ್ಪಾಳೆ ತಟ್ಟುತ್ತಿದ್ದರು.

ಉಳಿದ ಐದು ನಿಮಿಷ ವಯಸ್ಸಾದ ವೈದ್ಯರೊಬ್ಬರಿಗೆ ಸಿಕ್ಕಿತು. “ಬಿಪಿ ಮಾತ್ರೆ ನುಂಗುವವರು ನಿಲ್ಲಿಸಬೇಡಿ. ಹೊಳೆಮತ್ತಿ ಚಕ್ಕೆಯ ಕಷಾಯ ಕುಡಿಯುವುದಿದ್ದರೆ ನಿಮ್ಮ ಡಾಕ್ಟರಿಗೂ ಹೇಳಿ. ಎದೆನೋವು ಬಂದಾಗ ಮಾತ್ರ ಕಷಾಯ ಕಾಯಿಸುತ್ತ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ” ಎಂದರು. ದೇಹದ ಹದಿಮೂರು ವೇಗಗಳನ್ನು, ಅಂದರೆ ತಾನಾಗಿ ಬರುವ ತುಡಿತಗಳನ್ನು, ತಡೆಹಿಡಿಯಬಾರದು, ತಡೆದರೆ ರೋಗ ಬರುತ್ತದೆ ಎಂದು ಚರಕ ಹೇಳಿದ್ದಾನೆ ಎನ್ನುವಷ್ಟರಲ್ಲಿ ಶಾಲು ಹೊದಿಸಿ, ಪೇಟ ತೊಡಿಸಿ, ಮೈಕ್ ಕಸಿದುಕೊಂಡರು.

ನಾನು ಕೂತಲ್ಲೇ ಲೆಕ್ಕ ಹಾಕಿದೆ. ಹಸಿವು, ಬಾಯಾರಿಕೆ, ನಿದ್ದೆ, ಆಕಳಿಕೆ ನಾಲ್ಕಾಯಿತು. ಐದನೆಯದು ಮೂತ್ರ. ಶೌಚಾಲಯಕ್ಕೆ ಬೀಗ, ಬೀಗದ ಕೈ ಕಾವಲುಗಾರನ ಬಳಿ, ಕಾವಲುಗಾರ ಅತಿಥಿಗಳಿಗೆ ಹಾರ ತರಲು ಹೋದವನು ಮರಳಿರಲಿಲ್ಲ. ಆರನೆಯದು ಕಣ್ಣೀರು, ಆ ಬೀಗದ ಮುಂದೆ ನಿಂತಾಗ ಒತ್ತರಿಸಿ ಬಂದದ್ದು. ವಂದನಾರ್ಪಣೆಯ ಹೊತ್ತಿಗೆ ಆರರಲ್ಲಿ ಒಂದನ್ನಾದರೂ ಬಿಡುಗಡೆ ಮಾಡೋಣವೆಂದು ಬಾಯಿ ತುಂಬ ಆಕಳಿಸಿದೆ. ಫೋಟೊ ತೆಗೆದದ್ದು ಆಗಲೇ.

ಮೂರನೆಯ ದಿನ ನೋಟಿಸ್ ಬಂತು: ಗಣ್ಯರ ಸಮಕ್ಷಮದಲ್ಲಿ ಆಕಳಿಸಿದ್ದಕ್ಕೆ ಸಮಜಾಯಿಷಿ ನೀಡತಕ್ಕದ್ದು. ಚರಕಸಂಹಿತೆಯ ಸೂತ್ರಸ್ಥಾನ, ಏಳನೆಯ ಅಧ್ಯಾಯದಂತೆ ಆಕಳಿಕೆಯನ್ನು ತಡೆಯಬಾರದೆಂದಿರುವುದರಿಂದ ಹಾಗೂ ಶಿಬಿರದ ಉದ್ದೇಶವೇ ಆಯುರ್ವೇದ ಪಾಲನೆಯಾಗಿರುವುದರಿಂದ ಸ್ಥಳದಲ್ಲೇ ಪಾಲಿಸಿದ್ದೇನೆ ಎಂದು ಬರೆದುಕೊಟ್ಟೆ.

ಕಡತ ನಿನ್ನೆ ಹಿಂದಿರುಗಿದೆ. ಅಂಚಿನಲ್ಲಿ ಹಸಿರು ಶಾಯಿಯ ಷರಾ: “ಸದರಿ ಚರಕರವರು ಯಾವ ಶಾಖೆಯವರು? ಅವರ ಆದೇಶದ ದೃಢೀಕೃತ ಪ್ರತಿಯನ್ನು ಲಗತ್ತಿಸಿ ಮರುಸಲ್ಲಿಸುವುದು.”