ಕ್ಯಾಮೆರಾ ಹೋಗಲಾಗದ ಕಡೆಗೆ ಎಐ ಹೋಗಲಿ

ಚಿಕ್ಕಮಗಳೂರಿನಲ್ಲಿ ಹೋಂಸ್ಟೇಗಳಿಗೆ, ಕಾಫಿ ಪುಡಿ ಅಂಗಡಿಗಳಿಗೆ, ಬೆಳೆಗಾರರಿಗೆ ಸಣ್ಣ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಈಗ ಬರುವವರಲ್ಲಿ ಹೆಚ್ಚಿನವರು, "ಶೂಟಿಂಗ್ ಯಾಕೆ ಸರ್, ಎಐನಲ್ಲೇ ಮಾಡಿಕೊಡಿ, ಖರ್ಚು ಉಳಿಯುತ್ತದೆ" ಎನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳುತ್ತಿರುವುದನ್ನು ಇಲ್ಲಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಎಐ ಬೇಡ ಎನ್ನುವವನು ನಾನಲ್ಲ. 2024ರ ಫೆಬ್ರುವರಿಯಲ್ಲಿ ಓಪನ್‌ಎಐ ಸಂಸ್ಥೆ, ಬರೆದುಕೊಟ್ಟದ್ದನ್ನು ವಿಡಿಯೊ ಮಾಡುವ ಸೋರಾದ ಮಾದರಿ ತುಣುಕುಗಳನ್ನು ತೋರಿಸಿದಾಗಿನಿಂದ ಈ ಉಪಕರಣಗಳ ಬೆನ್ನು ಹತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ಗೂಗಲ್‌ನ ವಿಯೊ 3 ಬಂದಾಗ, ಚಿತ್ರದ ಜೊತೆಯಲ್ಲೇ ಮಾತು, ಗಾಳಿ, ಹಕ್ಕಿಯ ಕೂಗು ಎಲ್ಲವೂ ಹುಟ್ಟಿಬರುವುದನ್ನು ಕಂಡು ಬೆರಗಾಗಿದ್ದೇನೆ. ಆದರೆ ಈ ಯಂತ್ರ ನಮ್ಮ ತೋಟವನ್ನು ಕಂಡಿಲ್ಲ. ತಾನು ಕಲಿತ ಅಸಂಖ್ಯ ದೃಶ್ಯಗಳಿಂದ ಹೀಗಿರಬಹುದು ಎಂದು ಊಹಿಸಿ ಕಟ್ಟುತ್ತದೆ, ಅಷ್ಟೇ.

ಬರೀ ಕಾಫಿ ತೋಟ ಎಂದು ಕೇಳಿ ನೋಡಿ. ಬಹುತೇಕ ಸಲ ಬ್ರೆಜಿಲ್‌ನ ಬಯಲಿನಂತೆ, ಬಿಸಿಲಿಗೆ ಮೈಯೊಡ್ಡಿದ ಉದ್ದುದ್ದ ಸಾಲುಗಳು ಬರುತ್ತವೆ. ನಮ್ಮ ಸಿಲ್ವರ್ ಓಕ್ ಎಲ್ಲಿ? ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಎಲ್ಲಿ? ಅತ್ತಿ, ಬಸರಿಯ ನೆರಳು ಎಲ್ಲಿ? ಎಐ ಚಿತ್ರದಲ್ಲಿ ಒಂದೇ ರೆಂಬೆಯಲ್ಲಿ ಬಿಳಿ ಹೂವಿನ ಗೊಂಚಲೂ ಕೆಂಪು ಹಣ್ಣೂ ತುಂಬಿ ತುಳುಕುತ್ತವೆ. ಹೂಮಳೆ ಬಿದ್ದು ಗಿಡ ಅರಳುವುದು ಬೇಸಿಗೆಯಲ್ಲಿ, ಅರೇಬಿಕಾ ಜಾತಿಯ ಕಾಫಿಯ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ ಎಂಬುದು ತೋಟದಲ್ಲಿ ಬೆಳೆದ ಮಗುವಿಗೂ ಗೊತ್ತು. ದೂರದ ಊರಿನಿಂದ ಬರುವ ಪ್ರವಾಸಿಗೆ ಗೊತ್ತಿಲ್ಲ. ಅವರು ಆ ಚಿತ್ರವನ್ನು ನಂಬಿ ಮುಂಗಡ ಹಣ ಕಳುಹಿಸುತ್ತಾರೆ.

ಹೋಂಸ್ಟೇ ಮಾಲೀಕರೇ, ನಿಮ್ಮ ಕೋಣೆಯ ಹಿಂದೆ ಇಲ್ಲದ ಜಲಪಾತವನ್ನು ನಾನು ಹುಟ್ಟಿಸಿಕೊಡುವುದಿಲ್ಲ. ಮಂಜು ಇಲ್ಲದ ದಿನ ಮುಳ್ಳಯ್ಯನಗಿರಿಗೆ ಮಂಜು ಹೊದಿಸುವುದೂ ಇಲ್ಲ. ಅದು ಜಾಹೀರಾತಲ್ಲ, ಮೋಸ. 1,930 ಮೀಟರ್ ಎತ್ತರದ ಆ ಬೆಟ್ಟಕ್ಕೆ ನಮ್ಮ ಅಲಂಕಾರ ಬೇಕಾಗಿಯೂ ಇಲ್ಲ. ಮುಂಜಾನೆ ಎದ್ದು ಕಾಯುವ ತಾಳ್ಮೆ ಬೇಕು.

ಪಕ್ಕದ ಹಾಸನ ಜಿಲ್ಲೆಯ ಬೇಲೂರಿನ ವಿಷಯದಲ್ಲಂತೂ ನನಗೆ ಸಿಟ್ಟೇ ಬರುತ್ತದೆ. ಅಲ್ಲಿನ ಚೆನ್ನಕೇಶವ ಗುಡಿಯ ಮದನಿಕೆ ಶಿಲ್ಪದ ಒಂದು ಫೋಟೊ ಕೊಟ್ಟು, ಇದರ ಸುತ್ತ ಕ್ಯಾಮೆರಾ ತಿರುಗಲಿ ಎಂದರೆ ಯಂತ್ರ ತಿರುಗಿಸಿಯೇ ತೋರಿಸುತ್ತದೆ. ಫೋಟೊದಲ್ಲಿ ಕಾಣದ ಬದಿಯನ್ನು ತಾನೇ ಕೆತ್ತುತ್ತದೆ. ಕ್ಷಣದ ಹಿಂದೆ ಇದ್ದ ಬಳೆ ಮಾಯ, ಕೊರಳಹಾರ ಬೇರೆ, ಬೆರಳು ಒಂದಕ್ಕೊಂದು ಅಂಟಿಕೊಂಡಿರುತ್ತದೆ. 1117ರಲ್ಲಿ ಪ್ರತಿಷ್ಠೆಯಾದ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಗುಡಿಯ ಕಲ್ಲಿಗೆ ನಾವು ಹೊಸ ಕೆತ್ತನೆ ಸೇರಿಸುವುದು ಬೇಡ. ಬಸ್ ಹತ್ತಿದರೆ ಹೋಗಿ ಶೂಟ್ ಮಾಡಬಹುದಾದ ಜಾಗ ಅದು.

ಹಾಗಾದರೆ ಎಐ ಎಲ್ಲಿಗೆ? ತೋಟದವರೆಲ್ಲ ಬೋರರ್ ಎನ್ನುವ ಬಿಳಿ ಕಾಂಡಕೊರಕ ಕೀಟವನ್ನೇ ತೆಗೆದುಕೊಳ್ಳಿ. ಅರೇಬಿಕಾ ಕಾಂಡದ ತೊಗಟೆಯ ಬಿರುಕಿನಲ್ಲಿ ಹೆಣ್ಣು ದುಂಬಿ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ತೊಗಟೆಯ ಕೆಳಗೆ ತಿನ್ನುತ್ತದೆ, ಆಮೇಲೆ ಮರದೊಳಕ್ಕೆ ಸುರಂಗ ಕೊರೆಯುತ್ತದೆ. ಹೊರಗೆ ಕಾಣುವುದು ಕಾಂಡದ ಮೇಲಿನ ಉಬ್ಬುಗೆರೆ, ಹಳದಿಯಾಗುವ ಎಲೆ ಮಾತ್ರ. ಒಳಗಿನ ಕಥೆಯನ್ನು ಯಾವ ಕ್ಯಾಮೆರಾ ತೋರಿಸೀತು? ದುಂಬಿಗೆ ಬಿಸಿಲು ಬೀಳುವ ಕಾಂಡವೇ ಇಷ್ಟ, ಆದ್ದರಿಂದ ನೆರಳು ಕಾಪಾಡಿ ಎಂದು ನೂರು ಸಲ ಹೇಳುವುದಕ್ಕಿಂತ, ಮರ ಕಡಿದ ಜಾಗದಲ್ಲಿ ಬೆಳಕು ಕಾಂಡಕ್ಕೆ ಬೀಳುವುದನ್ನೂ ದುಂಬಿ ಅತ್ತ ಹಾರುವುದನ್ನೂ ಒಮ್ಮೆ ತೋರಿಸಿದರೆ ಮನಸ್ಸಿಗೆ ನಾಟುತ್ತದೆ. ಇಂಥ ಅನಿಮೇಷನ್ ಮಾಡಿಸುವುದು ಮೊದಲು ಸಣ್ಣ ಬೆಳೆಗಾರರ ಕೈಗೆ ಎಟುಕುವ ಮಾತಾಗಿರಲಿಲ್ಲ. ಈಗ ಎಟುಕುತ್ತದೆ, ಮತ್ತು ಅದು ನನಗೆ ನಿಜವಾಗಿಯೂ ಸಂತೋಷ ಕೊಡುವ ಸಂಗತಿ.

ಇಲ್ಲೂ ಯಂತ್ರವನ್ನು ಅದರ ಪಾಡಿಗೆ ಬಿಡುವಂತಿಲ್ಲ. ದುಂಬಿ ಎಂದಷ್ಟೇ ಬರೆದರೆ ಯಾವುದೋ ದೇಶದ ಹುಳು ಬಂದು ಕೂರುತ್ತದೆ. ನಿಜವಾದ ದುಂಬಿಯ ಸ್ಪಷ್ಟ ಫೋಟೊವನ್ನೇ ಮೊದಲ ಚೌಕಟ್ಟಾಗಿ ಕೊಡಬೇಕು. ತುಣುಕುಗಳು ಕೆಲವೇ ಸೆಕೆಂಡುಗಳವು, ಆದ್ದರಿಂದ ಒಂದು ತುಣುಕಿಗೆ ಒಂದೇ ಕ್ರಿಯೆ ಸಾಕು. ಚಿತ್ರದೊಳಗೆ ಕನ್ನಡ ಬರೆಸಬೇಡಿ, ಒತ್ತಕ್ಷರಗಳು ಕಲಸಿಹೋಗುತ್ತವೆ, ಎಡಿಟಿಂಗ್‌ನಲ್ಲಿ ಸೇರಿಸಿ. ಧ್ವನಿ ಮಾತ್ರ ಊರಿನವರದೇ ಇರಲಿ. ತೋಟದಲ್ಲಿ ದುಡಿದವರು ಮಾತನಾಡಿದರೆ ಬೆಳೆಗಾರರು ಕಿವಿಗೊಡುತ್ತಾರೆ. ಇನ್ನು, ಎಐ ಬಳಸಿದ್ದನ್ನು ಪರದೆಯ ಮೇಲೆಯೇ ಬರೆಯಿರಿ. ನೈಜವೆಂದು ತೋರುವ ಇಂಥ ದೃಶ್ಯಗಳನ್ನು ಘೋಷಿಸಬೇಕೆಂದು ಯೂಟ್ಯೂಬ್ 2024ರ ಮಾರ್ಚ್‌ನಲ್ಲೇ ಹೇಳಿದೆ. ಯಾರೂ ಹೇಳದಿದ್ದರೂ ನಾವು ಬರೆಯಬೇಕು.

ಬೋರರ್ ದುಂಬಿಯ ಹಾರಾಟ ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ. ಹಾರಾಟಕ್ಕೆ ಮೊದಲೇ ಬೋರರ್ ಬಿದ್ದ ಗಿಡ ಹುಡುಕಿ, ಕಿತ್ತು, ಸುಡುವುದನ್ನು ತೋರಿಸುವ ಸಣ್ಣ ವಿಡಿಯೊಗಳ ಒಂದು ಸರಣಿಯನ್ನು ಅಕ್ಟೋಬರ್‌ಗೆ ಮುಂಚೆ ತರಬೇಕೆಂದಿದ್ದೇನೆ. ಕಾಂಡದ ಒಳಗಿನದು ಎಐ, ಹೊರಗಿನದೆಲ್ಲ ಕ್ಯಾಮೆರಾ. ಪ್ರತಿ ತುಣುಕನ್ನೂ ಕೀಟಗಳ ಬಗ್ಗೆ ಬಲ್ಲವರು ನೋಡಿ ಒಪ್ಪಬೇಕು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಸಂದೇಶ ಕಳುಹಿಸಿ. ಬೋರರ್ ಬಿದ್ದ ಗಿಡಗಳಿರುವ ತೋಟದವರೂ ತಿಳಿಸಿ, ಕ್ಯಾಮೆರಾ ಹಿಡಿದು ನಾನೇ ಬರುತ್ತೇನೆ.