ಗಟ್ಟಿ ಚರ್ಮದ ಬೂಟು ಹಾಕ್ಕೊಂಡು ಗಿರಿ ಪ್ರದಕ್ಷಿಣೆಗೆ ಬರಬೇಡಿ

ಆಷಾಢ ಬಂತು ಅಂದ್ರೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಕಾಲಿಗೆ ಕೆಲಸ. ಕಡೇ ಸೋಮವಾರ ನಂದಿ ಗಿರಿ ಪ್ರದಕ್ಷಿಣೆ. ಭೋಗನಂದೀಶ್ವರನ ಗುಡಿ ಹತ್ತಿರ ಹೊರಟು, ಇಡೀ ಬೆಟ್ಟ ಸುತ್ತಿ ಮತ್ತೆ ನಂದಿಗೇ ಬರಬೇಕು. ಹತ್ತು ಕಿಲೋಮೀಟರಿಗೂ ಮೀರಿದ ನಡಿಗೆ. ಬರಿಗಾಲಲ್ಲಿ ಬರೋರು, ರಬ್ಬರ್ ಚಪ್ಪಲಿಯಲ್ಲಿ ಬರೋರು, ಸ್ಪೋರ್ಟ್ಸ್ ಶೂ ಹಾಕ್ಕೊಂಡು ಬರೋರು ಎಲ್ಲರೂ ಇರ್ತಾರೆ. ಈಗೀಗ ಕಾಲೇಜು ಮಕ್ಕಳು ಹರಡು ಮುಚ್ಚೋ ಹಾಗೆ ಎತ್ತರ ಇರೋ, ಹಲಗೆ ಥರ ಗಟ್ಟಿಯಾದ ಚರ್ಮದ ಬೂಟು ಹಾಕ್ಕೊಂಡು ಬರೋದು ಜಾಸ್ತಿ ಆಗಿದೆ. ನನ್ನ ಕ್ಲಾಸಿನ ಮಕ್ಕಳೇ ಕೇಳ್ತಾರೆ: "ಮೇಡಂ, ಈ ಬೂಟಲ್ಲಿ ನಡೀಬಹುದಲ್ವಾ? ಮಿಲಿಟ್ರಿಯವರೂ ಇಂಥದ್ದೇ ತಾನೇ ಹಾಕೋದು?"

ಹೊಸ ಬೂಟಾದ್ರೆ ಬೇಡವೇ ಬೇಡ. ಹಳೆಯದಾಗಿ ಕಾಲಿಗೆ ಪೂರ್ತಿ ಒಗ್ಗಿದ್ರೂ ನಮ್ಮ ಕಡೆಯ ಬಿಸಿಲಿಗೆ, ಬಂಡೆಗೆ, ಮೆಟ್ಟಿಲಿಗೆ ಅದಕ್ಕಿಂತ ಒಳ್ಳೆಯವು ಎಷ್ಟೋ ಇವೆ. ಇದನ್ನ ಬಾಯಿಮಾತಲ್ಲಿ ಹೇಳಿ ಹೇಳಿ ಸಾಕಾಗಿ, ಈ ಸಲ ಆಷಾಢಕ್ಕೆ ಮುಂಚೆಯೇ ಬರೆದು ಹಾಕ್ತಾ ಇದ್ದೀನಿ.

ಹೋದ ಸಲ ಕಾರಹಳ್ಳಿ ಕ್ರಾಸ್ ದಾಟಿದ ಮೇಲೆ ನಮ್ಮ ಗುಂಪಿನ ಒಬ್ಬ ಹುಡುಗಿ ಹಿಂದೆ ಬೀಳೋಕೆ ಶುರು ಮಾಡಿದ್ಲು. ಕೇಳಿದ್ರೆ "ಏನಿಲ್ಲ ಮೇಡಂ" ಅಂತಾಳೆ. ಮೋರಿ ಕಟ್ಟೆ ಮೇಲೆ ಕೂರಿಸಿ ಲೇಸ್ ಬಿಚ್ಚಿಸಿದೆ. ಬೂಟು ಬಂತು, ಸಾಕ್ಸ್ ಬರಲಿಲ್ಲ. ಹಿಮ್ಮಡಿ ಹತ್ತಿರ ಬೊಬ್ಬೆ ಎದ್ದು, ಒಡೆದು, ಅದರ ನೀರಲ್ಲಿ ಸಾಕ್ಸು ಚರ್ಮಕ್ಕೆ ಅಂಟಿಕೊಂಡುಬಿಟ್ಟಿತ್ತು. ಬಾಟಲಿ ನೀರು ಹುಯ್ದು ನೆನೆಸಿ, ನಿಧಾನಕ್ಕೆ ಸುಲಿದು ತೆಗೆಯಬೇಕಾಯ್ತು. ಐದು ರೂಪಾಯಿ ನಾಣ್ಯದಷ್ಟಗಲ ಕೆಂಪು ಮಾಂಸ. ಇನ್ನೊಂದು ಕಾಲಲ್ಲೂ ಅದೇ ಜಾಗ. ದಾರೀಲಿ ಹೋಗ್ತಿದ್ದ ಒಬ್ಬ ಅಜ್ಜಿ ನಿಂತು, "ಅದ್ಯಾಕಮ್ಮಾ ಇಂಥವು ಹಾಕ್ಕೊಂಬಂದೆ, ಕಾಲು ನೋಡು ಹೆಂಗಾಗದೆ" ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ರು. ಹುಡುಗಿ ಹೇಳಿದ್ದು ಒಂದೇ ಮಾತು: "ಅಂಗಡಿಯವ್ರು ಹೇಳಿದ್ರು ಮೇಡಂ, ಎರಡು ದಿನ ಹಾಕಿದ್ರೆ ಲೂಸ್ ಆಗುತ್ತೆ ಅಂತ."

ಆ ಒಂದು ಮಾತಿನ ಮೇಲೆಯೇ ನನಗೆ ಸಿಟ್ಟು. ಅದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅದು ಇನ್ನೂ ಕೆಟ್ಟದ್ದು. ಬೂಟಿನ ಮೇಲ್ಭಾಗದ ಚರ್ಮ ಹಾಕ್ತಾ ಹಾಕ್ತಾ ಮೆತ್ತಗಾಗುತ್ತೆ, ಅಗಲಕ್ಕೆ ಸ್ವಲ್ಪ ಹಿಗ್ಗುತ್ತೆ. ಅದಕ್ಕೆ ಎರಡು ದಿನ ಸಾಲದು, ವಾರಗಟ್ಟಲೆ ಬೇಕು. ಉದ್ದ ಮಾತ್ರ ಎಷ್ಟು ದಿನ ಹಾಕಿದ್ರೂ ಹಿಗ್ಗಲ್ಲ. ಬೂಟಿನ ಅಡಿಭಾಗ, ಅಂದ್ರೆ ಸೋಲು, ಅದರ ಅಗಲವೂ ಹಿಗ್ಗಲ್ಲ. ಹಿಮ್ಮಡಿ ಸುತ್ತ ಚರ್ಮದ ಒಳಗೆ ಇಡೋ ಗಟ್ಟಿ ಪಟ್ಟಿ, ಅದನ್ನ ಕೌಂಟರ್ ಅಂತಾರೆ, ಆಕಾರ ಕೆಡದೆ ಇರಲಿ ಅಂತಲೇ ಅಲ್ಲಿ ಇಟ್ಟಿರೋದು. ಅದು ಅಷ್ಟು ಸುಲಭಕ್ಕೆ ಬಗ್ಗಲ್ಲ. ಇನ್ನು ಚರ್ಮವೇ ಅಲ್ಲದ, ಬಟ್ಟೆ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟು ಚರ್ಮದ ಹಾಗೆ ಕಾಣಿಸೋ ಬೂಟಾದ್ರೆ ಕಾಲಿಗೆ ಒಗ್ಗೋದಂತೂ ದೂರದ ಮಾತು, ಮಡಿಕೆ ಬೀಳೋ ಕಡೆ ಸೀಳಿಕೊಳ್ಳುತ್ತೆ.

ನಡೆಯುವಾಗ ಪಾದ ಎಲ್ಲಿ ಮಡಿಯುತ್ತೆ ಅಂತ ಒಂದು ಸಲ ಬರಿಗಾಲಲ್ಲಿ ನಿಧಾನಕ್ಕೆ ಹೆಜ್ಜೆ ಹಾಕಿ ನೋಡಿ. ಹಿಮ್ಮಡಿ ಮೇಲೇಳುವಾಗ ಇಡೀ ಭಾರ ಬೆರಳುಗಳ ಬುಡಕ್ಕೆ ಬರುತ್ತೆ, ಅಲ್ಲೇ ಪಾದ ಬಾಗುತ್ತೆ. ಒಂದು ಪಾದದಲ್ಲಿ 26 ಮೂಳೆ ಇವೆ, ಹೀಗೆ ಬಾಗೋಕೆ ಅಂತಲೇ ಜೋಡಿಸಿಟ್ಟ ಹಾಗೆ. ಈಗ ಸೋಲು ಬಾಗದ ಬೂಟು ಹಾಕ್ಕೊಳ್ಳಿ. ಹಿಮ್ಮಡಿ ಮೇಲೇಳುತ್ತೆ, ಬೂಟಿನ ಹಿಂಭಾಗ ಅದರ ಜೊತೆ ಏಳಲ್ಲ. ಒಂದೊಂದು ಹೆಜ್ಜೆಗೂ ಹಿಮ್ಮಡಿ ಆ ಕೌಂಟರಿಗೆ ಉಜ್ಜಿಕೊಂಡು ಮೇಲೆ ಹೋಗಿ ಕೆಳಗೆ ಬರುತ್ತೆ. ಸಾವಿರಾರು ಹೆಜ್ಜೆ, ಅದೇ ಜಾಗ. ಮುಂದುಗಡೆ ಚರ್ಮ ಮಡಿದು ಒಳಗೆ ಒಂದು ಏಣು ಎದ್ದು ಹೆಬ್ಬೆರಳಿನ ಗಿಣ್ಣಿನ ಮೇಲೆ ಒತ್ತುತ್ತೆ. ಎತ್ತರದ ಬೂಟಾದ್ರೆ ಮೇಲಿನ ಅಂಚು ಹರಡಿನ ಮೇಲೆ, ಹಿಂದಿನ ನರದ ಮೇಲೆ ಕೊರೆಯುತ್ತೆ.

ಬೊಬ್ಬೆ ಬರೀ ಮೇಲ್ಮೈ ತಿಕ್ಕಾಟದಿಂದ ಏಳಲ್ಲ. ಮೇಲಿನ ಚರ್ಮ ಬೂಟಿಗೆ ಕಚ್ಚಿಕೊಂಡಿರುತ್ತೆ, ಒಳಗಿನ ಮೂಳೆ ಆಚೆ ಈಚೆ ಓಡಾಡ್ತಾ ಇರುತ್ತೆ, ನಡುವೆ ಚರ್ಮದ ಪದರಗಳು ಎಳೆದಾಡಿ ಬಿಟ್ಟುಕೊಳ್ತವೆ. ಆ ಸಂದಿಗೆ ನೀರು ತುಂಬುತ್ತೆ. ಕಾಲು ಬೆವೆತಷ್ಟೂ ಇದು ಬೇಗ. ಹತ್ತಿ ಸಾಕ್ಸ್ ಬೆವರು ಹೀರಿ ಹಾಗೇ ಇಟ್ಕೊಳ್ಳುತ್ತೆ. ಬೂಟಿನ ಚರ್ಮದ ಮೇಲೆ ಮಿರಮಿರ ಹೊಳೆಯೋ ದಪ್ಪ ಲೇಪ ಇದ್ರೆ ಒಳಗಿನ ಹಸಿ ಆರೋದಕ್ಕೂ ದಾರಿಯಿಲ್ಲ. ನಂದಿ ಕಡೆ ಬೆಳಗ್ಗೆ ಮಂಜು, ಚಳಿ ಇದ್ರೂ ಹತ್ತು ಗಂಟೆ ಹೊತ್ತಿಗೆ ಡಾಂಬರು ಕಾಯುತ್ತೆ. ನಡೀತಾ ನಡೀತಾ ಪಾದ ಊದುತ್ತೆ ಬೇರೆ. ಬೆಳಗ್ಗೆ ಸರಿಯಾಗಿ ಕೂತ ಬೂಟು ಮಧ್ಯಾಹ್ನಕ್ಕೆ ಬಿಗಿಯಾಗೋದು ಇದಕ್ಕೇ.

ಮಿಲಿಟ್ರಿಯವರ ಮಾತಿಗೆ ಬರ್ತೀನಿ. ಈ ಥರದ ಬೂಟುಗಳಲ್ಲಿ ಜಗತ್ತಿಗೆಲ್ಲ ಗೊತ್ತಿರೋದು ಡಾಕ್ಟರ್ ಮಾರ್ಟೆನ್ಸ್ ಕಂಪನಿಯ 1460. ಲೇಸ್ ಪೋಣಿಸೋಕೆ ಎಂಟು ಕಣ್ಣಿನ, ಹಳದಿ ಹೊಲಿಗೆಯ ಬೂಟು. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿ 1960ರ ಏಪ್ರಿಲ್ 1ರಂದು (1-4-60) ಮೊದಲು ತಯಾರಾಗಿದ್ದಕ್ಕೆ ಆ ನಂಬರ್ ಬಂತು. ಅಲ್ಲಿಯ ಪೋಸ್ಟ್‌ಮ್ಯಾನ್‌ಗಳು, ಕಾರ್ಖಾನೆ ಕೆಲಸಗಾರರು ಅದನ್ನೇ ಹಾಕ್ತಿದ್ದರು, ಆಮೇಲೆ ಸಂಗೀತದ ಹುಡುಗರಿಂದ ಅದು ಫ್ಯಾಷನ್ ಆಯ್ತು. ಹಾಗಾದ್ರೆ ಪೋಸ್ಟ್‌ಮ್ಯಾನ್ ನಡೆದಿದ್ದನ್ನ ನಾವ್ಯಾಕೆ ನಡೀಬಾರದು ಅಂತ ನೀವು ಕೇಳಬಹುದು. ಅವನು ಒಂದೇ ಜೋಡನ್ನ ದಿನವೂ ಹಾಕಿ ಹಾಕಿ ಪಳಗಿಸಿದ್ದ. ಅವನ ಊರು ತಣ್ಣಗಿತ್ತು. ಪೆಟ್ಟಿಗೆಯಿಂದ ತೆಗೆದ ಮಾರನೇ ದಿನ ಅವನು ಬೆಟ್ಟ ಸುತ್ತೋಕೆ ಹೋಗಲಿಲ್ಲ. ಸೈನಿಕರೂ ಅಷ್ಟೇ, ಹೊಸ ಬೂಟನ್ನ ದಿನಾ ಸ್ವಲ್ಪ ಸ್ವಲ್ಪ ಹಾಕಿ ಪಳಗಿಸಿಕೊಂಡೇ ದೂರದ ಮಾರ್ಚಿಗೆ ಇಳಿಯೋದು.

ಇನ್ನೂ ದೊಡ್ಡ ವಿಷಯ ಇದರ ಹುಟ್ಟಿನಲ್ಲೇ ಇದೆ. ಕ್ಲೌಸ್ ಮಾರ್ಟೆನ್ಸ್ ಅನ್ನೋ ಜರ್ಮನ್ ಸೇನೆಯ ವೈದ್ಯ 1945ರಲ್ಲಿ ಸ್ಕೀಯಿಂಗ್ ಮಾಡುವಾಗ ಕಾಲಿನ ಹರಡಿಗೆ ಪೆಟ್ಟು ಮಾಡ್ಕೊಂಡ. ಸೇನೆಯ ಗಟ್ಟಿ ಬೂಟು ಆ ನೋವಿನ ಕಾಲಿಗೆ ಆಗಲಿಲ್ಲ. ಅದಕ್ಕೇ ಮೆತ್ತನೆ ಚರ್ಮ, ಗಾಳಿ ತುಂಬಿದ ಸೋಲು ಇಟ್ಟು ಬೇರೆ ಬೂಟು ಮಾಡಿದ. ಮೊದಲ ಹತ್ತು ವರ್ಷ ಅದನ್ನ ಹೆಚ್ಚಾಗಿ ಕೊಂಡೋರು 40 ದಾಟಿದ ಹೆಂಗಸರು, ಕಾಲಿಗೆ ಹಿತ ಅಂತ! ಗಟ್ಟಿ ಬೂಟಿನ ಕಾಟ ತಪ್ಪಿಸೋಕೆ ಹುಟ್ಟಿದ ಜೋಡು ಅದು. ಅದರ ಹೊರರೂಪವನ್ನಷ್ಟೇ ನೋಡಿ ಹಲಗೆಯಂಥ ಚರ್ಮ, ಬಾಗದ ಸೋಲು ಹಾಕಿ ಕಡಿಮೆ ದುಡ್ಡಿಗೆ ಮಾರೋದನ್ನ ನಮ್ಮ ಮಕ್ಕಳು ಕೊಳ್ತಾ ಇದ್ದಾರೆ.

ಗಟ್ಟಿ ಚರ್ಮದ ಜೋಡು ನಮ್ಮವರಿಗೂ ಹೊಸದಲ್ಲ. ನಮ್ಮ ಬದುಗಳಲ್ಲಿ ಹಳದಿ ಹೂ ಬಿಡೋ ತಂಗಡಿ ಗಿಡದ ತೊಗಟೆಯಲ್ಲೇ ದಕ್ಷಿಣದ ಕಡೆ ಚರ್ಮ ಹದ ಮಾಡ್ತಿದ್ದರು. ಹೊಸ ಎಕ್ಕಡ ತಂದ್ರೆ ನಮ್ಮ ತಾತ ಹರಳೆಣ್ಣೆ ಸವರಿ, ಒಂದು ರಾತ್ರಿ ಇಟ್ಟು, ಹೊಲದವರೆಗೆ ಮಾತ್ರ ಹಾಕ್ಕೊಂಡು ಹೋಗಿ ಬರೋರು. ಜಾತ್ರೆಗೆ ಹಳೇದೇ.

ಇನ್ನು ಇಳಿಜಾರು. ಸುಲ್ತಾನಪೇಟೆ ಕಡೆಯ ಕಲ್ಲು ಮೆಟ್ಟಿಲು ಹತ್ತಿ 1478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿ ತಲುಪೋರಿಗೆ ನಿಜವಾದ ಕಷ್ಟ ಗೊತ್ತಾಗೋದು ಇಳಿಯುವಾಗ. ಲೇಸ್ ಸಡಿಲ ಇದ್ರೆ ಪಾದ ಮುಂದಕ್ಕೆ ಜಾರಿ ಉಗುರು ಬೂಟಿನ ಮೂತಿಗೆ ಗುದ್ದುತ್ತಾ ಹೋಗುತ್ತೆ. ವಾರದಲ್ಲಿ ಹೆಬ್ಬೆರಳ ಉಗುರು ಕಪ್ಪಾಗುತ್ತೆ. ಸ್ಕಂದಗಿರಿಯ ಬಂಡೆ ಮೇಲೆ ಬೆಳಗಿನ ಹನಿ ಇದ್ದಾಗ ನುಣುಪು ಸೋಲಿನ ಬೂಟು ಹಾಕಿ ಹತ್ತೋದು ಅಪಾಯ. ಬೂಟು ಎತ್ತರ ಇದ್ರೆ ಕಾಲು ಉಳುಕಲ್ಲ ಅಂತ ಪೂರ್ತಿ ನಂಬಬೇಡಿ. ಅಡಿಯಲ್ಲಿ ಹಿಡಿತ ಇಲ್ಲದೆ ಜಾರಿದ ಮೇಲೆ ಹರಡು ಮುಚ್ಚಿದ್ದು ಎಷ್ಟು ಕಾದೀತು?

ಸಕ್ಕರೆ ಕಾಯಿಲೆ ಇರೋರಿಗೆ ಈ ಮಾತನ್ನ ಕೈ ಮುಗಿದು ಹೇಳ್ತೀನಿ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕಾಲಿನ ಗಾಯಗಳನ್ನ ವರ್ಷಗಟ್ಟಲೆ ನೋಡಿ ಕಂಡುಕೊಂಡಿದ್ದು ಇದು: ಆ ಗಾಯ ರೋಗದಿಂದ ತಾನಾಗಿ ಆಗ್ತಿಲ್ಲ, ಸ್ಪರ್ಶ ಸತ್ತ ಪಾದಕ್ಕೆ ನೋವು ಗೊತ್ತಾಗದೆ, ಒಂದೇ ಜಾಗದ ಮೇಲೆ ಸಾಧಾರಣ ಒತ್ತಡವೇ ಮತ್ತೆ ಮತ್ತೆ ಬಿದ್ದು ಆಗ್ತಾ ಇದೆ. ಸಕ್ಕರೆ ಕಾಯಿಲೆಯಲ್ಲಿ ನರ ಮರಗಟ್ಟಿದೋರ ಕಥೆಯೂ ಅದೇ. ನಮ್ಮ ಹುಡುಗಿ ಉರಿ ತಾಳಲಾರದೆ ಕುಂಟಿದ್ಲು, ನಾವು ನಿಲ್ಲಿಸಿದ್ವಿ. ಉರಿಯೇ ಗೊತ್ತಾಗದೋರು ಪೂರ್ತಿ ಸುತ್ತಿ ಮನೆಗೆ ಹೋಗಿ ಸಾಕ್ಸ್ ಮೇಲೆ ರಕ್ತ ನೋಡ್ತಾರೆ. ಮೆಡಿಕಲ್‌ನಲ್ಲಿ, ಕೆಲವು ಚಪ್ಪಲಿ ಅಂಗಡಿಗಳಲ್ಲಿ ಸಿಗೋ ಮೆತ್ತನೆ ರಬ್ಬರಿನ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಇಂಥವರಿಗೇ ಇರೋದು. ನಿಮ್ಮ ಅಪ್ಪ ಅಮ್ಮನಿಗೆ ಶುಗರ್ ಇದ್ರೆ ಮಗ ಕೊಟ್ಟ ಅಂತ ಗಟ್ಟಿ ಶೂ ಹಾಕಿಸಿ ನಡೆಸಬೇಡಿ. ದೂರ ನಡೆಯೋ ಮುಂಚೆ ಡಾಕ್ಟರಿಗೆ ಪಾದ ತೋರಿಸಲಿ.

ಈಗಾಗಲೇ ಕೊಂಡಿದ್ದೀರಾ? ಬಿಸಾಕಬೇಡಿ, ಅದು ನಿಮ್ಮಪ್ಪನ ದುಡ್ಡು. ಮನೆಯೊಳಗೆ ದಪ್ಪ ಸಾಕ್ಸ್ ಜೊತೆ ಸಂಜೆ ಅರ್ಧ ಗಂಟೆ, ಆಮೇಲೆ ಅಂಗಡಿವರೆಗೆ, ಆಮೇಲೆ ಕಾಲೇಜಿಗೆ ಹೀಗೆ ಬೆಳೆಸ್ತಾ ಹೋಗಿ. ನಿಜವಾದ ಚರ್ಮವಾದ್ರೆ ಮಡಿಯೋ ಜಾಗಕ್ಕೆ ಲೆದರ್ ಕ್ರೀಮ್ ಹಚ್ಚಿ. ಬಿಸಿಲಲ್ಲಿ ಒಣಗಿಸೋದು, ನೀರಲ್ಲಿ ನೆನೆಸೋದು, ಹೇರ್ ಡ್ರೈಯರ್ ಹಿಡಿಯೋದು ಬೇಡ, ಚರ್ಮ ಇನ್ನೂ ಪೆಡಸಾಗುತ್ತೆ. ಬೈಕಲ್ಲಿ ನಂದಿಗೆ ಹೋಗೋರಿಗೆ ಈ ಬೂಟು ನಿಜಕ್ಕೂ ಒಳ್ಳೇದು, ಗಾಡಿ ವಾಲಿದ್ರೆ ಚಪ್ಪಲಿ ಕಾಲಿಗಿಂತ ಸಾವಿರ ಪಾಲು ವಾಸಿ. ಮದುವೆಗೆ, ಕಾಲೇಜ್ ಡೇಗೆ ಹಾಕ್ಕೊಳ್ಳಿ, ಚೆನ್ನಾಗೇ ಕಾಣುತ್ತೆ.

ನಡೆಯುವಾಗ ಎಲ್ಲಾದ್ರೂ ಚುರುಕ್ ಅನ್ನಿಸಿದ ತಕ್ಷಣ ನಿಲ್ಲಿ, ಮುಂದಿನ ಅರವಂಟಿಗೆವರೆಗೆ ತಡೀಬೇಡಿ. ಆ ಹೊತ್ತಿಗೆ ಚರ್ಮ ಬರೀ ಕೆಂಪಾಗಿರುತ್ತೆ, ಮೈಕ್ರೋಪೋರ್ ಟೇಪ್ ಸುಕ್ಕಿಲ್ಲದ ಹಾಗೆ ಅಂಟಿಸಿದ್ರೆ ಉಳ್ಕೊಳ್ಳುತ್ತೆ. ಬೊಬ್ಬೆ ಎದ್ದಿದ್ರೆ ಪಿನ್ ಚುಚ್ಚೋಕೆ ಹೋಗಬೇಡಿ. ತಾನೇ ಒಡೆದಿದ್ರೆ ಮೇಲಿನ ತೊಗಲು ಕೀಳದೆ ತೊಳೆದು ಪಟ್ಟಿ ಹಾಕಿ. ಬ್ಯಾಗಲ್ಲಿ ಇನ್ನೊಂದು ಜೊತೆ ಸಾಕ್ಸ್, ಒಂದು ಹಗುರ ಚಪ್ಪಲಿ ಇರಲಿ.

ಕಡೆಗೆ ನಮ್ಮ ಬಿ.ಬಿ. ರಸ್ತೆಯ ಅಂಗಡಿಯವರಿಗೆ ಒಂದು ಮಾತು. ಗಿರಾಕಿ ಕೇಳೋದು ನಂಬರ್, ನೀವು ಕೊಡೋದು ನಂಬರ್, ಆ ನಂಬರ್ ಬರೀ ಉದ್ದದ್ದು. ಅದೂ ಇಂಗ್ಲೆಂಡಿನ ಅಳತೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಕೊನೆಯಿಂದ 2022ರ ಮೊದಲ ತಿಂಗಳುಗಳವರೆಗೆ ದೇಶದುದ್ದಕ್ಕೂ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನೋಡಿತು. ನಮ್ಮ ಪಾದ ಯುರೋಪಿನವರಿಗಿಂತ ಅಗಲ ಅಂತ ಬಂತು. ಅದರ ಮೇಲೆ 'ಭಾ' ಅನ್ನೋ ನಮ್ಮದೇ ಅಳತೆ ಪದ್ಧತಿಯನ್ನ ಸೂಚಿಸಿದ್ದಾರೆ. ಬೆರಳು ಬಿಚ್ಚಿಕೊಂಡು ಬೆಳೆದ ಇಂಥ ಕಾಲನ್ನ ಕಿರಿದಾದ ಮೂತಿಯ ಬೂಟಿಗೆ ತುರುಕಿ, ಅಗಲ ಸಾಲದ್ದಕ್ಕೆ ಒಂದು ನಂಬರ್ ದೊಡ್ಡದು ಕೊಡ್ತೀರಿ. ಆಗ ಉದ್ದ ಜಾಸ್ತಿಯಾಗಿ ಹಿಮ್ಮಡಿ ಇನ್ನೂ ಹೆಚ್ಚು ಆಡುತ್ತೆ, ಇನ್ನೂ ಬೇಗ ಬೊಬ್ಬೆ. ಕುರ್ಚಿ ಮೇಲೆ ಕೂರಿಸಿ ಹಾಕಿಸಿ ಬಿಲ್ ಮಾಡಬೇಡಿ. ಎರಡೂ ಕಾಲಿಗೆ, ಸಾಕ್ಸ್ ಜೊತೆ ಹಾಕಿಸಿ. ಸಾಧ್ಯವಾದ್ರೆ ಸಂಜೆ ಬರೋಕೆ ಹೇಳಿ, ಕಾಲು ಆಗ ಸ್ವಲ್ಪ ಊದಿರುತ್ತೆ. ಅಂಗಡಿ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿಯಲಿ. ಬೂಟಿನ ಮೂತಿಯನ್ನೂ ಹಿಂಭಾಗವನ್ನೂ ಹಿಡಿದು ಅವರ ಎದುರೇ ಬಗ್ಗಿಸಿ ತೋರಿಸಿ. ಬೆರಳ ಬುಡದ ಹತ್ತಿರ ಬಾಗದಿದ್ರೆ "ಅಮ್ಮಾ, ಇದು ದೂರ ನಡೆಯೋಕೆ ಆಗಲ್ಲ, ಬೇರೆ ತೋರಿಸ್ತೀನಿ" ಅಂತ ಹೇಳಿ. ಆ ಹುಡುಗಿಗೆ ಹಾಗೆ ಹೇಳಿದ್ರೆ ನಡಿಗೆಗೆ ಒಂದು ಸ್ಪೋರ್ಟ್ಸ್ ಶೂ ನಿಮ್ಮಲ್ಲೇ ಕೊಳ್ತಿದ್ಲು, ಬೂಟನ್ನ ಮುಂದಿನ ತಿಂಗಳು ಬಂದು ಕೊಳ್ತಿದ್ಲು.