ಶಾಲು ಸಿಕ್ಕಿತು, ಚೀಟಿ ಸಿಗಲಿಲ್ಲ

ನಿನ್ನೆ ನಮ್ಮ ತಾಲ್ಲೂಕು ಕೇಂದ್ರದಲ್ಲಿ ನಡೆದ 'ಯುವ ಆರೋಗ್ಯ ಸಾಧಕರಿಗೆ ಸನ್ಮಾನ' ಕಾರ್ಯಕ್ರಮ ಮುಗಿಸಿ ಮನೆಗೆ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಹತ್ತೂವರೆಗೆ ಎಂದು ಕರೆದ ಸಭೆ ಹನ್ನೆರಡೂ ಕಾಲಿಗೆ ಆರಂಭವಾಯಿತು. ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿಗಳು, ಹದಿನಾಲ್ಕು ಜನರಿಗೂ ಹೂಗುಚ್ಛ, ಹದಿನಾಲ್ಕು ಜನರ ಹೆಸರಿನ ಹಿಂದೆಯೂ 'ಸನ್ಮಾನ್ಯ'. ಯಾರ ಸಲುವಾಗಿ ಸಭೆ ಸೇರಿತ್ತೋ ಆ ಐವರು ಹುಡುಗ ಹುಡುಗಿಯರು ಗಣ್ಯರಿಗೆ ಕಾಯ್ದಿರಿಸಿದ ಸಾಲಿನ ಹಿಂದೆ ಕುಳಿತಿದ್ದರು. ಎರಡು ಗಂಟೆಗಳ ಭಾಷಣದ ಬಳಿಕ ಅವರ ಸರದಿ ಬಂದಾಗ ಐವರಿಗೂ ಸೇರಿ ನಾಲ್ಕು ನಿಮಿಷವೂ ಹಿಡಿಯಲಿಲ್ಲ: ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫಲಕ. ಪೇಟ ದೊಡ್ಡದಾಗಿ ನಮ್ಮೂರಿನ ಹುಡುಗಿಯ ಹುಬ್ಬಿನಿಂದ ಕೆಳಕ್ಕೆ ಇಳಿದಿತ್ತು. ಫಲಕದಲ್ಲಿ ಊರಿನ ಹೆಸರು ತಪ್ಪಾಗಿತ್ತು. ಮಾತನಾಡಲು ಅವಳಿಗೆ ಮೈಕು ಕೊಡಲಿಲ್ಲ; ಸಮಯದ ಅಭಾವವಂತೆ.

ಹೆಸರು ಬರೆದರೆ ಅವಳು ನನ್ನನ್ನು ಬಿಡುವುದಿಲ್ಲ, ಆದ್ದರಿಂದ ಕೆಲಸವನ್ನಷ್ಟೇ ಹೇಳುತ್ತೇನೆ. ಇಪ್ಪತ್ತಮೂರು ವರ್ಷದ ಈ ಹುಡುಗಿ ನಾಲ್ವರು ಗೆಳೆಯರನ್ನು ಕಟ್ಟಿಕೊಂಡು ಮೂರು ವರ್ಷಗಳಿಂದ ನಮ್ಮ ಸುತ್ತಲಿನ ಏಳು ಮಜರೆಗಳಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾವಲು ಕಾಯುತ್ತಿದ್ದಾಳೆ. ಡಿಸೆಂಬರ್ ಬಂತೆಂದರೆ ಮನೆಮನೆಗೆ ಹೋಗಿ, ಸೊಪ್ಪಿನ ಬೆಟ್ಟಕ್ಕೆ ಹೋಗುವವರು ಯಾರು, ತರಗೆಲೆ ಗುಡಿಸುವವರು ಯಾರು, ದನ ಅಟ್ಟುವವರು ಯಾರು ಎಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಉಣುಗು ಕಚ್ಚದಂತೆ ತಡೆಯುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚದೆ ಯಾರೂ ಕಾಡಿಗೆ ಇಳಿಯದಂತೆ ನೋಡಿಕೊಳ್ಳುತ್ತಾರೆ. ಜ್ವರ ಬಂದವರನ್ನು ತಾವೇ ಬೈಕಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತಾರೆ. ಎಲ್ಲಿಯಾದರೂ ಮಂಗ ಸತ್ತಿದೆ ಎಂದು ತಿಳಿದರೆ ಮುಟ್ಟದೆ, ದೂರದಿಂದ ಫೋಟೊ ತೆಗೆದು, ಜಾಗ ಗುರುತು ಮಾಡಿ, ದನಕರು ಮಕ್ಕಳು ಆ ಕಡೆ ಸುಳಿಯದಂತೆ ತಡೆದು, ಆರೋಗ್ಯ ಇಲಾಖೆಗೆ ಫೋನು ಮಾಡುತ್ತಾರೆ.

ಆ ಫೋನಿನಿಂದಲೇ ನನ್ನ ಸಿಟ್ಟು ಶುರುವಾಗುವುದು. ಈ ಮಕ್ಕಳು ಎರಡು ವರ್ಷಗಳಿಂದ ಕೇಳುತ್ತಿರುವುದು ಒಂದೇ ಒಂದು ಗುರುತಿನ ಚೀಟಿಯನ್ನು. ಸಂಬಳ ಕೇಳಲಿಲ್ಲ, ಭತ್ಯೆ ಕೇಳಲಿಲ್ಲ, ಪೆಟ್ರೋಲಿನ ಖರ್ಚನ್ನೂ ಕೇಳಲಿಲ್ಲ. ಫೋನು ಮಾಡಿದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ, "ನೀವು ಯಾರು ಮಾತಾಡೋದು?" ಕಾಡಿನ ಗೇಟಿನಲ್ಲಿ, "ನೀವು ಯಾರು?" ಹೊಸ ಮನೆಯ ಅಂಗಳದಲ್ಲಿ, "ನೀನು ಯಾರ ಮನೆಯವಳು?" ಈ ಪ್ರಶ್ನೆಗೆ ಉತ್ತರವಾಗಿ ತೋರಿಸಲು ಮೊಹರು ಬಿದ್ದ, ಪ್ಲಾಸ್ಟಿಕ್ ಹೊದಿಸಿದ ಒಂದು ತುಂಡು ಕಾಗದ ಬೇಕಿತ್ತು. ಅರ್ಜಿ ಎರಡು ಸಲ ಕಳೆದುಹೋಯಿತು, ಮೂರನೆಯ ಸಲ 'ಅವಕಾಶವಿಲ್ಲ' ಎಂಬ ಹಿಂಬರಹ ಬಂತು. ಚೀಟಿ ಕೊಡದವರೇ ನಿನ್ನೆ ಶಾಲು ಹೊದಿಸಿ, 'ಇಂತಹ ಯುವಜನರನ್ನು ಗುರುತಿಸುವುದು ನಮ್ಮ ಕರ್ತವ್ಯ' ಎಂದರು. ಗುರುತಿಸುವುದು! ಕನ್ನಡದಲ್ಲಿ ಈ ಮಾತಿಗೆ ಅರ್ಥ ಉಳಿದಿದೆಯೇ?

ಮಲೆನಾಡಿನ ಹೊರಗಿನ ಗೆಳೆಯರಿಗೆ ಫೋನಿಗೇಕೆ ಇಷ್ಟು ಅವಸರ ಎನಿಸಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ, ಅಲ್ಲಿ ಓಡಾಡುವವರಿಗೆ ಹತ್ತುತ್ತವೆ. ಸತ್ತ ಜಾಗದ ಸುತ್ತ ಬೇಗ ಕೀಟನಾಶಕದ ಪುಡಿ ಹೊಡೆಯಬೇಕು. ದೇಹ ಕೊಳೆಯುವ ಮೊದಲೇ ಪಶುವೈದ್ಯರು ಬಂದು ಮಾದರಿ ತೆಗೆಯಬೇಕು. ಇದಕ್ಕೆಂದೇ ನೇರವಾದ ಔಷಧ ಇಲ್ಲ. ಹಳೆಯ ಲಸಿಕೆ ಹೆಚ್ಚು ಫಲ ಕೊಡುತ್ತಿಲ್ಲವೆಂದು 2022ರಲ್ಲಿ ಅದನ್ನೂ ನಿಲ್ಲಿಸಿದರು. ಉಳಿದಿರುವುದು ತೈಲ, ಎಚ್ಚರ, ಮತ್ತು ಹೊತ್ತಿಗೆ ಸರಿಯಾಗಿ ಮುಟ್ಟುವ ಸುದ್ದಿ. ಆ ಸುದ್ದಿ 'ನೀವು ಯಾರು' ಎಂಬಲ್ಲಿ ಅರ್ಧ ದಿನ ನಿಂತರೆ ಏನಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ.

"ಸನ್ಮಾನ ಕಂಡು ಇನ್ನೂ ನಾಲ್ಕು ಮಕ್ಕಳು ಮುಂದೆ ಬರುತ್ತಾರೆ, ನಿಮಗೆ ಎಲ್ಲದರಲ್ಲೂ ಹುಳುಕು" ಎಂದು ಸಂಘಟಕರಲ್ಲಿ ಒಬ್ಬರು ಊಟದ ಸಾಲಿನಲ್ಲಿ ನನಗೆ ಬುದ್ಧಿ ಹೇಳಿದರು. ಬರಲಿ, ಸಂತೋಷ. ಬಂದ ಆ ನಾಲ್ವರಿಗೂ ಶಾಲು ಕೊಡುತ್ತೀರೋ, ಚೀಟಿ ಕೊಡುತ್ತೀರೋ? ತರಬೇತಿ ಇಲ್ಲದವರ ಕೈಗೆ ಚೀಟಿ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬುದು ಅವರ ಇನ್ನೊಂದು ವಾದ. ಇದರಲ್ಲಿ ಸ್ವಲ್ಪ ಹುರುಳಿದೆ ಎಂದು ಒಪ್ಪುತ್ತೇನೆ. ಹಾಗಿದ್ದರೆ ಅರ್ಧ ದಿನ ಕೂರಿಸಿ ತರಬೇತಿ ಕೊಡಿ; ನಿನ್ನೆಯ ಸ್ವಾಗತ ಭಾಷಣ ಮತ್ತು ವಂದನಾರ್ಪಣೆಯ ಸಮಯ ಅದಕ್ಕೆ ಸಾಕಾಗುತ್ತಿತ್ತು.

ಇದು ನಮ್ಮ ತಾಲ್ಲೂಕಿನದೊಂದೇ ರೋಗವಲ್ಲ ಬಿಡಿ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಾಗ ನಾವೆಲ್ಲ ಇದೇ ಫೇಸ್‌ಬುಕ್ಕಿನಲ್ಲಿ ಕೈಮುಗಿದ ಚಿತ್ರ ಹಾಕಿದೆವು. ಅದೇ ಆಶಾ ತಂಗಿಯರು 2025ರ ಜನವರಿಯ ಚಳಿಯಲ್ಲಿ, ತಿಂಗಳಿಗೆ ಕೈಗೆ ಸಿಗುವ ಹಣ ಇಷ್ಟೆಂದು ನಿಶ್ಚಿತವಾಗಲಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತಿದ್ದಾಗ ನಮ್ಮಲ್ಲಿ ಎಷ್ಟು ಜನ ಒಂದು ಸಾಲು ಬರೆದೆವು? ನಾನು ಬರೆಯಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಇಪ್ಪತ್ತರ ಪ್ರಾಯದಲ್ಲಿ ಹೆರಿಗೆ ಮಾಡಿಸಲು ಕೈಹಾಕಿದವರು. ಅವರ ಕೈಯಲ್ಲಿ ಹುಟ್ಟಿದ ಮಕ್ಕಳು ಹದಿನೈದು ಸಾವಿರಕ್ಕೂ ಹೆಚ್ಚು. ಪದ್ಮಶ್ರೀ ಬಂದದ್ದು 2018ರಲ್ಲಿ, ತೊಂಬತ್ತೇಳು ದಾಟಿದ ಮೇಲೆ. ಅದೇ ವರ್ಷದ ಡಿಸೆಂಬರಿನಲ್ಲಿ ಆ ತಾಯಿ ತೀರಿಕೊಂಡರು. ರಾಜ್ಯೋತ್ಸವ ಪ್ರಶಸ್ತಿಗೆ ಅರವತ್ತು ತುಂಬಿರಬೇಕೆಂಬ ಷರತ್ತು ಹಾಕಿಕೊಂಡ ನಾಡಿದು. ನಮಗೆ ಸೇವೆ ಕಾಣಬೇಕಾದರೆ ತಲೆ ನರೆತಿರಬೇಕು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದಾಗ ಅವರ ಮುಂದಾಳು ಬಾಲಸುಬ್ರಮಣ್ಯಂ ಅವರಿಗೆ ಹತ್ತೊಂಬತ್ತರ ಆಸುಪಾಸು. ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಗಳಲ್ಲಿ ಅವರು ಮಾಡಿದ ಕೆಲಸವನ್ನು ಇಂದು ಎಲ್ಲರೂ ಕೊಂಡಾಡುತ್ತಾರೆ. ಹತ್ತೊಂಬತ್ತರ ಹುಡುಗ ಇವತ್ತು ನಮ್ಮ ಕಚೇರಿಯ ಬಾಗಿಲಿಗೆ ಬಂದು ನಿಂತರೆ ಅವನನ್ನು ಏನು ಕೇಳುತ್ತೇವೆ ಎಂಬುದು ನಿಮಗೆ ಗೊತ್ತು.

ನನಗಂತೂ ಚೆನ್ನಾಗಿ ಗೊತ್ತು, ಏಕೆಂದರೆ ನಾನೇ ಕೇಳಿದ್ದೇನೆ. ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದವನು ಇಷ್ಟು ಹೊತ್ತು ಇತರರ ಮೇಲೆ ಎಗರಾಡಿದ್ದಾಯಿತು, ಇದನ್ನು ಬರೆಯದಿದ್ದರೆ ಮೋಸವಾಗುತ್ತದೆ. ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಮಂಗನ ಕಾಯಿಲೆ ಜನರನ್ನು ಬಲಿ ತೆಗೆದುಕೊಂಡ 2019ಕ್ಕಿಂತ ಕೆಲವು ವರ್ಷ ಹಿಂದಿನ ಮಾತು. ಒಂದು ಸಂಜೆ ಔಷಧದ ಕಿಟಕಿಗೆ ಕೀಲಿ ಹಾಕುತ್ತಿದ್ದಾಗ ಪಿಯುಸಿ ಓದುವ ಹುಡುಗನೊಬ್ಬ ಏದುಸಿರು ಬಿಡುತ್ತ ಬಂದು, ಕೆರೆ ಏರಿಯ ಕೆಳಗೆ ಎರಡು ಮಂಗ ಸತ್ತು ಬಿದ್ದಿವೆ ಎಂದ. ನಾನು ತಲೆಯನ್ನೂ ಎತ್ತಲಿಲ್ಲ. "ಅದನ್ನೆಲ್ಲ ಹೇಳಲು ನೀನು ಯಾರಪ್ಪ? ನಾಳೆ ಯಾರಾದರೂ ದೊಡ್ಡವರನ್ನು ಕರೆದುಕೊಂಡು ಬಾ" ಎಂದೆ. ಮರುದಿನ ಅವನು ಬರಲಿಲ್ಲ. ನಾಲ್ಕನೆಯ ದಿನ ನಾವು ಹೋದಾಗ ಮಾದರಿ ತೆಗೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ಆ ವರ್ಷ ಆ ಕೇರಿಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ಅದು ಕೇರಿಯವರ ಪುಣ್ಯ. ಆ ಹುಡುಗನ ಹೆಸರನ್ನು ಸಹ ನಾನು ಕೇಳಿರಲಿಲ್ಲ.

ಇಂದು ಬೆಳಿಗ್ಗೆ ಹುಡುಗಿ ಹಣ್ಣಿನ ಬುಟ್ಟಿ ಹಿಡಿದು ನಮ್ಮ ಮನೆಗೆ ಬಂದಳು. ಸೇಬಿನ ಕೆಳಗೆಲ್ಲ ಕಾಗದದ ಚೂರು ತುಂಬಿತ್ತು. "ಮಾವ, ಇನ್ನೊಂದು ಅರ್ಜಿ ಬರೆದುಕೊಡಿ, ನಿಮ್ಮ ಅಕ್ಷರ ಚೆನ್ನಾಗಿದೆ" ಎಂದಳು. ಇಬ್ಬರೂ ಕುಳಿತು ನಾಲ್ಕನೆಯ ಅರ್ಜಿ ಬರೆದೆವು, ಸನ್ಮಾನಪತ್ರದ ಜೆರಾಕ್ಸ್ ಪ್ರತಿಯನ್ನೂ ಲಗತ್ತಿಸಿದೆವು. ಇತ್ತೀಚಿನ ಎರಡು ಭಾವಚಿತ್ರ ಬೇಕಂತೆ. ನಿನ್ನೆ ತೆಗೆದ ಫೋಟೊಗಳನ್ನೆಲ್ಲ ಮೊಬೈಲಿನಲ್ಲಿ ತಿರುವಿ ನೋಡಿದೆವು, ಒಂದರಲ್ಲೂ ಪೇಟದ ಕೆಳಗೆ ಅವಳ ಮುಖ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಹನ್ನೊಂದು ಗಂಟೆಯ ಬಸ್ಸಿಗೆ ಸ್ಟುಡಿಯೋಗೆ ಹೋಗಿದ್ದಾಳೆ.